ಟೆಂಟ್ ಒಣಗಿದ ಮೇಲೆಯೇ ತಿರುಗಾಟ ಮುಗಿಯುವುದು

ಮದುವೆಯಾದ ಹೊಸದರಲ್ಲಿ ನಾವಿಬ್ಬರೂ ಮಳೆಗಾಲದ ಕೊನೆಗೆ ಬೆಟ್ಟ ಹತ್ತಲು ಹೋಗಿದ್ದೆವು. ಮೂರು ರಾತ್ರಿ ಟೆಂಟಿನಲ್ಲೇ ಮಲಗಿದ್ದು. ಮನೆ ಸೇರುವಾಗ ಕತ್ತಲಾಗಿತ್ತು, ಕಾಲು ನೋಯುತ್ತಿತ್ತು, ಕೋಳಿಗಳನ್ನು ಬೇರೆ ನೋಡಬೇಕಿತ್ತು. ನಾಳೆ ನೋಡಿದರಾಯಿತು ಅಂತ ಒದ್ದೆ ಟೆಂಟನ್ನು ಚೀಲದ ಸಮೇತ ಅಟ್ಟಕ್ಕೆ ಹಾಕಿದೆವು. ಆ ನಾಳೆ ಬಂದದ್ದು ಮೂರು ವಾರ ಕಳೆದ ಮೇಲೆ. ಬಿಚ್ಚಿ ನೋಡಿದರೆ ಬಟ್ಟೆ ತುಂಬ ಕಪ್ಪು ಚುಕ್ಕೆ, ಮೂಗು ಮುಚ್ಚಿಕೊಳ್ಳುವಷ್ಟು ಮುಗ್ಗಲು ವಾಸನೆ. ಎಷ್ಟು ತೊಳೆದರೂ ಆ ವಾಸನೆ ಹೋಗಲಿಲ್ಲ. ಅವತ್ತಿನಿಂದ ನಮ್ಮಲ್ಲಿ ಒಂದೇ ರೂಢಿ: ಮನೆಗೆ ಬಂದ ತಕ್ಷಣ ಮೊದಲು ಟೆಂಟ್, ಆಮೇಲೆ ಸ್ನಾನ.

ಹೊಸದಾಗಿ ತಿರುಗಾಟ ಶುರು ಮಾಡಿದ ಗಂಡ ಹೆಂಡತಿ ಕೇಳಿದರೆ ನಾನು ಮೊದಲು ಹೇಳುವುದೂ ಇದನ್ನೇ. ಏನು ಕೊಳ್ಳಬೇಕು ಅಂತ ಎಲ್ಲರೂ ಕೇಳುತ್ತಾರೆ, ತಂದಮೇಲೆ ಹೇಗೆ ಇಟ್ಟುಕೊಳ್ಳಬೇಕು ಅಂತ ಯಾರೂ ಕೇಳುವುದಿಲ್ಲ.

ಟೆಂಟಿನ ಬಟ್ಟೆಗೆ ನೀರು ಇಳಿಯದ ಹಾಗೆ ಒಳಗಡೆ ಒಂದು ತೆಳ್ಳನೆ ಲೇಪ ಇರುತ್ತದೆ. ಸಾಮಾನ್ಯವಾಗಿ ಅದು ಪಾಲಿಯುರೆಥೇನ್. ತೇವವೂ ಸೆಕೆಯೂ ಸೇರಿದರೆ ಆ ಲೇಪ ನಿಧಾನವಾಗಿ ಹಾಳಾಗಿ ಅಂಟಂಟಾಗುತ್ತದೆ, ಆಮೇಲೆ ಹೊಟ್ಟಿನ ಹಾಗೆ ಉದುರುತ್ತದೆ. ಅದಕ್ಕೇ ಮಳೆ ಬರದಿದ್ದರೂ ಒಣಗಿಸಬೇಕು, ಏಕೆಂದರೆ ರಾತ್ರಿಯ ಇಬ್ಬನಿ ಮತ್ತು ನಾವು ಬಿಟ್ಟ ಉಸಿರು ಎರಡೇ ಸಾಕು ಬಟ್ಟೆ ತೇವವಾಗಲು. ಒಳಗಿನ ಮರಳು, ಎಲೆ ಕೊಡವಿ, ತಣ್ಣೀರಲ್ಲಿ ಅದ್ದಿದ ಸ್ಪಂಜಿನಿಂದ ಕೊಳೆ ಇರುವ ಕಡೆ ಮಾತ್ರ ಒರೆಸಿ, ನೆರಳಲ್ಲಿ ಗಾಳಿಯಾಡುವ ಕಡೆ ಹಗ್ಗದ ಮೇಲೆ ಹರವಿ. ಬಿಸಿಲಿಗೆ ಹಾಕಿದರೆ ಬೇಗ ಒಣಗುತ್ತದೆ ನಿಜ, ಆದರೆ ಬಿಸಿಲಿನ ನೇರಳಾತೀತ ಕಿರಣ ನೈಲಾನ್ ದಾರವನ್ನೇ ದುರ್ಬಲ ಮಾಡುತ್ತದೆ. ವಾಷಿಂಗ್ ಮೆಷಿನ್ ಹತ್ತಿರಕ್ಕೂ ಒಯ್ಯಬೇಡಿ. ಹೊಲಿಗೆಯ ಅಂಚು ಕೊನೆಗೆ ಒಣಗುವುದು, ಅದನ್ನು ಬೆರಳಿಂದ ಮುಟ್ಟಿ ನೋಡಿಯೇ ಮಡಿಸಿ.

ಸ್ಲೀಪಿಂಗ್ ಬ್ಯಾಗ್ ಕಥೆ ಬೇರೆ. ಅದನ್ನು ಚಿಕ್ಕ ಚೀಲದಲ್ಲಿ ತುರುಕಿ ತಿಂಗಳುಗಟ್ಟಲೆ ಇಟ್ಟರೆ ಒಳಗಿನ ಪುಕ್ಕವೋ ನಾರೋ ಚಪ್ಪಟೆಯಾಗಿ ಹೋಗುತ್ತದೆ. ಮೈ ಬೆಚ್ಚಗಿಡುವುದು ಅದರೊಳಗೆ ನಿಂತ ಗಾಳಿ. ಉಬ್ಬು ಹೋಯಿತು ಅಂದರೆ ಬೆಚ್ಚಗೂ ಹೋಯಿತು. ದಾರಿಯಲ್ಲಿ ಒತ್ತಿ ತುಂಬಿ, ಪರವಾಗಿಲ್ಲ. ಮನೆಯಲ್ಲಿ ಮಾತ್ರ ಹಳೆಯ ಹತ್ತಿಯ ದಿಂಬಿನ ಕವರಿಗೋ ದೊಡ್ಡ ಚೀಲಕ್ಕೋ ಸಡಿಲವಾಗಿ ಹಾಕಿಡಿ.

ಒದ್ದೆ ಬೂಟನ್ನು ಒಲೆಯ ಪಕ್ಕ ಇಡುವುದು ಎಲ್ಲರೂ ಮಾಡುವ ತಪ್ಪು. ನಮ್ಮನೆಯವರು ಒಂದು ಒಳ್ಳೆ ಜೊತೆಯನ್ನು ಹಾಗೇ ಕಳೆದುಕೊಂಡರು, ಅಟ್ಟೆಯ ಅಂಟು ಬಿಟ್ಟು ಮುಂದಿನ ಸಲ ನಡು ದಾರಿಯಲ್ಲಿ ಬಾಯಿ ತೆರೆಯಿತು. ಲೇಸ್ ಬಿಚ್ಚಿ, ಒಳಹಾಸು ಹೊರಗೆ ತೆಗೆದು, ಹಳೆಯ ಪೇಪರ್ ಉಂಡೆ ಮಾಡಿ ತುಂಬಿ. ಎರಡು ಮೂರು ಗಂಟೆಗೊಮ್ಮೆ ಪೇಪರ್ ಬದಲಿಸಿ. ಒಂದು ರಾತ್ರಿಯಲ್ಲಿ ಆಗದಿದ್ದರೆ ಎರಡು ರಾತ್ರಿ ಆಗಲಿ ಬಿಡಿ.

ಹೊರಡುವ ಮೊದಲಿನ ಕೆಲಸವೂ ಇದೆ. ಹಳ್ಳಿಯ ಮನೆಗೆ ಬೀಗ ಹಾಕಿದರೆ ಮುಗಿಯುವುದಿಲ್ಲ ಅಲ್ವಾ? ಕೋಳಿ, ಹಸು ಇದ್ದವರು ನಂಬಿಕೆಯ ನೆರೆಯವರನ್ನು ಹೊರಡುವ ಹಿಂದಿನ ದಿನವೇ ಕರೆದು, ಮೇವು ಎಲ್ಲಿದೆ, ನೀರು ಎಷ್ಟು ಅಂತ ಬಾಯಲ್ಲಿ ಹೇಳದೆ ಒಂದು ಸಲ ಮಾಡಿ ತೋರಿಸಿ, ಅವರು ಊರಿಗೆ ಹೋದಾಗ ನೀವೂ ಅಷ್ಟೇ ಮನಸ್ಸಿಟ್ಟು ನೋಡಿಕೊಳ್ಳಿ. ಕುಂಡದ ಗಿಡಕ್ಕೆ ನಾನು ಮಾಡುವುದು ಹೀಗೆ: ಪಕ್ಕದಲ್ಲಿ ಸ್ವಲ್ಪ ಎತ್ತರಕ್ಕೆ ಒಂದು ಬಕೆಟ್ ನೀರು ಇಟ್ಟು, ದಪ್ಪ ಹತ್ತಿಯ ಬತ್ತಿಯನ್ನು ಪೂರ್ತಿ ನೆನೆಸಿ, ಒಂದು ತುದಿ ಬಕೆಟ್ಟಿನ ತಳಕ್ಕೆ, ಇನ್ನೊಂದು ತುದಿ ಕುಂಡದ ಮಣ್ಣೊಳಗೆ ಎರಡು ಮೂರು ಇಂಚು ಹೂತಿಡುತ್ತೇನೆ. ಮೇಲೆ ಒಣ ಎಲೆ ಹೊದಿಸಿದರೆ ಮಣ್ಣು ಬೇಗ ಆರುವುದಿಲ್ಲ. ಹೋಗುವ ಮುಂಚೆ ಎರಡು ದಿನ ಪರೀಕ್ಷೆ ಮಾಡಿ ನೋಡಿ, ಬತ್ತಿ ತೆಳ್ಳಗಿದ್ದರೆ ನೀರು ಸಾಲುವುದಿಲ್ಲ. ಫ್ರಿಜ್ ಆರಿಸುವುದಾದರೆ ಪೂರ್ತಿ ಖಾಲಿ ಮಾಡಿ, ಒರೆಸಿ, ಬಾಗಿಲಿಗೆ ಮಡಿಸಿದ ಬಟ್ಟೆ ಸಿಕ್ಕಿಸಿ ಸ್ವಲ್ಪ ತೆರೆದಿಡಿ, ಇಲ್ಲದಿದ್ದರೆ ಬೂಷ್ಟು. ಸುಣ್ಣ ಹೊಡೆದ ಗೋಡೆಯಲ್ಲಿ ಪೆನ್ಸಿಲ್ ದಪ್ಪದ ತೂತು ಕಂಡರೂ ಪಾತ್ರೆ ಉಜ್ಜುವ ಸ್ಟೀಲ್ ನಾರು ತುರುಕಿ ಮುಚ್ಚಿ, ಪುಟ್ಟ ಇಲಿ ಅಷ್ಟರಲ್ಲೇ ನುಸುಳುತ್ತದೆ.

ಇನ್ನು ದಾರಿಯ ಮಾತು. ಗಂಡ ಹೆಂಡತಿ ಬೆಟ್ಟದಲ್ಲಿ ಜಗಳ ಆಡುವುದು ಜಾಸ್ತಿ ಹೊತ್ತಿನ ಲೆಕ್ಕ ತಪ್ಪಿದಾಗ. 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಅನ್ನುವವರು ಕೊಟ್ಟ ಲೆಕ್ಕ ಈಗಲೂ ಕೆಲಸಕ್ಕೆ ಬರುತ್ತದೆ. ಪ್ರತಿ 5 ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 10 ಕಿಲೋಮೀಟರ್ ದಾರಿ, 600 ಮೀಟರ್ ಏರು ಅಂದರೆ ಮೂರು ಗಂಟೆ. ಅದರಲ್ಲಿ ಕೂರುವುದು, ತಿನ್ನುವುದು, ನೋಡುತ್ತಾ ನಿಲ್ಲುವುದು ಸೇರಿಲ್ಲ, ಹಾಗಾಗಿ ನಾವು ನಾಲ್ಕೂವರೆ ಅಂತಲೇ ಇಟ್ಟುಕೊಳ್ಳುತ್ತೇವೆ. ಮುಂದೆ ನಡೆಯುವುದು ನಿಧಾನ ನಡೆಯುವವರು. ನಮ್ಮಲ್ಲಿ ಅದು ನಾನು. ಅವರು ಹಿಂದೆ ಬಂದರೆ ನನಗೆ ಓಡಬೇಕು ಅನ್ನಿಸುವುದಿಲ್ಲ, ಅವರಿಗೂ ಕಾಯುವ ಬೇಸರ ಇಲ್ಲ. ಹೊರೆ ಸಮ ಪಾಲು ಮಾಡಬೇಡಿ, ಮೈಯ ತೂಕ ನೋಡಿ ಹಂಚಿ. ಒಬ್ಬೊಬ್ಬರ ಚೀಲ ಅವರವರ ತೂಕದ ಐದನೇ ಒಂದು ಪಾಲು ದಾಟದಿದ್ದರೆ ಮಂಡಿ ಉಳಿಯುತ್ತದೆ. ಒಂದು ಲೀಟರ್ ನೀರು ಒಂದು ಕಿಲೋ ಅನ್ನುವುದೂ ಆ ಲೆಕ್ಕದಲ್ಲೇ ಬರಲಿ.

ತೊರೆಯ ನೀರು ಎಷ್ಟೇ ತಿಳಿಯಾಗಿದ್ದರೂ ಕುದಿಸಿಯೇ ಕುಡಿಯಿರಿ. ಚೆನ್ನಾಗಿ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು, 2,000 ಮೀಟರ್ ಮೇಲೆ ಮೂರು ನಿಮಿಷ. ಎತ್ತರ ಹೆಚ್ಚಿದಂತೆ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ, ಅದಕ್ಕೆ. ಮಲ ವಿಸರ್ಜನೆಗೆ ನೀರಿನಿಂದ 60 ಮೀಟರ್ ಆದರೂ ದೂರ ಹೋಗಿ, ಗೇಣುದ್ದ ಆಳದ ಗುಂಡಿ ತೆಗೆದು ಮುಚ್ಚಿ ಬನ್ನಿ. ಕೆಳಗಡೆ ಆ ನೀರನ್ನೇ ಕುಡಿಯುವ ಮನೆಗಳಿರುತ್ತವೆ. ಹಳ್ಳಿಯಲ್ಲಿ ಬದುಕುವ ನನಗೆ ಈ ಮಾತು ತುಂಬ ಮುಖ್ಯ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಎಷ್ಟೇ ಮಳೆ ಇರಲಿ, ಚಳಿ ಇರಲಿ, ಟೆಂಟಿನೊಳಗೆ ಸ್ಟೌ, ಇದ್ದಿಲು ಉರಿಸಬೇಡಿ. ಅವು ಉರಿಯುವಾಗ ಬರುವ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷದ ಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಿದ್ದೆ ಬಂದ ಹಾಗೆ ಆಗಿ ಏಳುವುದೇ ಇಲ್ಲ. ಆ ರಾತ್ರಿ ಬಿಸಿ ಊಟ ಬೇಡ, ಇದ್ದಿದ್ದನ್ನು ತಣ್ಣಗೆ ತಿಂದು ಮಲಗಿ.

ರಕ್ತ ಹೀರುವ ಉಣ್ಣೆ ಹುಳ ಕಚ್ಚಿದ್ದರೆ ಸುಡುವುದು, ಎಣ್ಣೆ ಹಚ್ಚುವುದು ಬೇಡ. ಸಣ್ಣ ಚಿಮುಟದಲ್ಲಿ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಮೇಲಕ್ಕೆ ಎಳೆದು, ಸೋಪು ನೀರಲ್ಲಿ ತೊಳೆಯಿರಿ. ಬೆನ್ನು, ಮಂಡಿಯ ಹಿಂದೆ, ಕಿವಿಯ ಸಂದಿ ತಮಗೆ ತಾವೇ ನೋಡಿಕೊಳ್ಳಲು ಆಗುವುದಿಲ್ಲ, ಸಂಜೆ ಒಬ್ಬರಿಗೊಬ್ಬರು ನೋಡಿ. ನಂತರದ ದಿನಗಳಲ್ಲಿ ಜ್ವರ, ದದ್ದು ಕಂಡರೆ ಡಾಕ್ಟರಿಗೆ ತೋರಿಸಿ, ಉಣ್ಣೆ ಕಚ್ಚಿದ್ದನ್ನೂ ಹೇಳಿ.

ಎಲ್ಲ ಒಣಗಿ ಒಳಗೆ ಹೋದ ಮೇಲೆ ಕೊನೆಯ ಕೆಲಸ ಟಾರ್ಚಿನದು. ಸೆಲ್ ಹೊರಗೆ ತೆಗೆಯಿರಿ, ಒಳಗೇ ಬಿಟ್ಟರೆ ಸೋರಿ ತಂತಿ ತಿನ್ನುತ್ತದೆ. ಬೇರೆ ಡಬ್ಬಿಗೆ ಹಾಕಿ, ಟಾರ್ಚ್ ಇರುವ ಜೇಬಿನಲ್ಲೇ ಡಬ್ಬಿಯನ್ನೂ ಇಡಿ. ಮುಂದಿನ ಸಲ ಬೆಳಗಿನ ಜಾವದ ಕತ್ತಲಲ್ಲಿ ಹೊರಡುವಾಗ ಕೈ ನೇರ ಅಲ್ಲಿಗೇ ಹೋಗುತ್ತದೆ.