ಮೆಷಿನ್ನಾ, ಕೂತ ಕೋಳಿನಾ? ಮರಿ ಸಾಕುವವರು ಯಾರು ಅಂತ ಮೊದಲು ನೋಡಿಕೊಳ್ಳಿ

ಹಿತ್ತಲಲ್ಲಿ ನಾಲ್ಕು ನಾಟಿ ಕೋಳಿ ಕಟ್ಟಿಕೊಂಡವರು ಈಗೀಗ ನನ್ನನ್ನು ಕಂಡರೆ ಕೇಳುವುದು ಒಂದೇ. ದೊಡ್ಡಮ್ಮ, ಮೊಟ್ಟೆಗೆ ಕಾವು ಕೊಡುವ ಮೆಷಿನ್, ಇನ್ಕ್ಯುಬೇಟರ್ ತಗೊಳ್ಳಲಾ? ಥರ್ಮೋಕೋಲ್ ಡಬ್ಬಿಯದ್ದು ಆನ್‌ಲೈನಲ್ಲಿ ಸಿಗುತ್ತೆ, 50 ಮೊಟ್ಟೆ ಹಿಡಿಯುತ್ತೆ ಅಂತಾರೆ. ನಾನು ತಿರುಗಿ ಎರಡು ಮಾತು ಕೇಳುತ್ತೇನೆ. ನಿಮ್ಮಲ್ಲಿ ಕಾವಿಗೆ ಕೂರುವ ಕೋಳಿ ಇದೆಯಾ? 50 ಮರಿ ಒಟ್ಟಿಗೆ ಹೊರಗೆ ಬಂದರೆ ಅವನ್ನು ಒಂದು ತಿಂಗಳು ನೋಡಿಕೊಳ್ಳುವವರು ಯಾರು? ಎರಡನೆಯದಕ್ಕೆ ಉತ್ತರ ಸಿಗುವ ತನಕ ದುಡ್ಡು ಬಿಚ್ಚಬೇಡಿ.

ಮೆಷಿನ್ ಮಾಡುವುದು 21 ದಿನದ ಕೆಲಸ ಮಾತ್ರ. ಕೋಳಿಯಾದರೆ ಅದಾದ ಮೇಲೂ ಎರಡು ತಿಂಗಳು ಮರಿ ಕಟ್ಟಿಕೊಂಡು ತಿರುಗುತ್ತೆ. ಕೆದಕಿ ತಿನ್ನುವುದು ಕಲಿಸುತ್ತೆ, ಹದ್ದು ಕಂಡರೆ ಕೂಗಿ ಎಲ್ಲವನ್ನೂ ರೆಕ್ಕೆಯೊಳಗೆ ಎಳೆದುಕೊಳ್ಳುತ್ತೆ, ರಾತ್ರಿ ಬೆಚ್ಚಗೆ ಇಟ್ಟುಕೊಳ್ಳುತ್ತೆ. ಕರೆಂಟ್ ಬಿಲ್ ಇಲ್ಲ. ಹತ್ತು ಹನ್ನೆರಡು ಮರಿ ಸಾಕು ಅನ್ನುವವರಿಗೆ ಕೋಳಿಗಿಂತ ಒಳ್ಳೆಯ ಮೆಷಿನ್ ಇಲ್ಲ ಅಂತಲೇ ನನ್ನ ಲೆಕ್ಕ.

ಆದರೆ ಎಲ್ಲ ಕೋಳಿಯೂ ಕೂರುವುದಿಲ್ಲ, ಅದು ಗೊತ್ತಿರಲಿ. ಗಿರಿರಾಜ ಅಂತ 1989ರಲ್ಲಿ ಹೆಬ್ಬಾಳದಿಂದ ಬಂತಲ್ಲ, ಆಮೇಲೆ ಹೈದರಾಬಾದಿನ ವನರಾಜ, ಇವೆಲ್ಲ ಮೊಟ್ಟೆ, ಮಾಂಸ ಎರಡೂ ಜಾಸ್ತಿ ಸಿಗಲಿ ಅಂತ ಬೆಳೆಸಿದ ತಳಿಗಳು, ಕಾವಿಗೆ ಕೂರುವ ಬುದ್ಧಿ ಇವಕ್ಕೆ ಇಲ್ಲ ಅಂದರೂ ನಡೆಯುತ್ತೆ. ಅಂಥ ಕೋಳಿ ಮಾತ್ರ ಇರುವ ಮನೆಯಲ್ಲಿ ಮೆಷಿನ್ ಬೇಕು, ಇಲ್ಲವೇ ಕೂರುವ ಒಂದು ನಾಟಿ ಹೇಂಟೆಯನ್ನು ತಂದು ಜೊತೆಗೆ ಬಿಡಬೇಕು. ನಾಟಿ ಕೋಳಿ ಹತ್ತು ಹದಿನೈದು ಮೊಟ್ಟೆ ಇಟ್ಟು ತಾನಾಗಿಯೇ ಕೂರುತ್ತೆ. ಗೂಡು ಬಿಟ್ಟು ಏಳುವುದಿಲ್ಲ, ಹತ್ತಿರ ಹೋದರೆ ಪುಕ್ಕ ಉಬ್ಬಿಸಿಕೊಂಡು ಕೊರ್ ಕೊರ್ ಅನ್ನುತ್ತೆ, ಕೈ ಹಾಕಿದರೆ ಕುಕ್ಕುತ್ತೆ. ಇಷ್ಟು ಕಂಡ ಕೂಡಲೇ ಒಳ್ಳೆಯ ಮೊಟ್ಟೆ ಎಲ್ಲಾ ಇಟ್ಟುಬಿಡಬೇಡಿ. ಎರಡು ಮೂರು ಹಾಳು ಮೊಟ್ಟೆ ಇಟ್ಟು ಎರಡು ರಾತ್ರಿ ನೋಡಿ. ಅಲ್ಲಾಡದೆ ಕೂತರೆ ಮೂರನೇ ರಾತ್ರಿ, ಕತ್ತಲಾದ ಮೇಲೆ, ಎಲ್ಲಾ ಮೊಟ್ಟೆ ಒಟ್ಟಿಗೆ ಇಡಿ. ದಿನಕ್ಕೊಂದರಂತೆ ಇಟ್ಟರೆ ಮರಿಯೂ ದಿನಕ್ಕೊಂದು ಬರುತ್ತೆ. ಮೊದಲ ಎರಡು ಮರಿ ಓಡಾಡಲು ಶುರು ಮಾಡಿದ ಮೇಲೆ ತಾಯಿ ಎದ್ದು ಹೋಗಿ ಉಳಿದವು ಒಳಗೇ ಸಾಯುತ್ತವೆ.

ಇಟ್ಟ ಮೊಟ್ಟೆಗೆಲ್ಲಾ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಬೇರೆ ಕೋಳಿಗಳು ಅದೇ ಬುಟ್ಟಿಗೆ ಬಂದು ಮೊಟ್ಟೆ ಇಟ್ಟು ಹೋಗುತ್ತವೆ, ಗುರುತಿಲ್ಲದ್ದನ್ನು ದಿನಾ ತೆಗೆದರಾಯಿತು. ತೆಗೆಯುವಾಗ ಕೋಳಿಯನ್ನು ಗಬಕ್ಕನೆ ಎತ್ತಬೇಡಿ. ರೆಕ್ಕೆ ಸಂದಿಯಲ್ಲಿ ಮೊಟ್ಟೆ ಸಿಕ್ಕಿಕೊಂಡಿರುತ್ತೆ, ಜಾರಿ ಬಿದ್ದು ಒಡೆಯುತ್ತೆ.

ಬುಟ್ಟಿಗೆ ಕೆಳಗೆ ಸ್ವಲ್ಪ ಮಣ್ಣು, ಮೇಲೆ ಒಣಹುಲ್ಲು. ಅದರೊಳಗೆ ಒಂದು ಹಿಡಿ ಒಲೆ ಬೂದಿ, ನಾಲ್ಕು ಬೇವಿನ ಸೊಪ್ಪು ಹಾಕಿ. ಇದು ಶಾಸ್ತ್ರಕ್ಕಲ್ಲ, ಹೇನಿಗೆ. ಕೂತ ಕೋಳಿಗೆ ಹೇನು ಹತ್ತಿದರೆ ಎಂಥಾ ತಾಯಿಯಾದರೂ ಬುಟ್ಟಿ ಬಿಟ್ಟು ಓಡುತ್ತೆ. ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ ಕಬ್ಬಿಣದ ಚೂರು, ಇದ್ದಿಲು ಇಡುವವರೂ ಇದ್ದಾರೆ. ಇಟ್ಟರೆ ನಷ್ಟವೇನಿಲ್ಲ, ಆದರೆ ಬೂದಿ ಮರೆತು ಕಬ್ಬಿಣ ಇಟ್ಟರೆ ಪ್ರಯೋಜನವಿಲ್ಲ. ಕೋಳಿ ದಿನಕ್ಕೊಮ್ಮೆ ಕಾಲು ಗಂಟೆ, ಇಪ್ಪತ್ತು ನಿಮಿಷ ಏಳುತ್ತೆ. ಅಷ್ಟರಲ್ಲಿ ಕಾಳು, ನೀರು, ಮಣ್ಣಲ್ಲಿ ಹೊರಳಾಟ, ಒಂದು ದೊಡ್ಡ ನಾರುವ ಹಿಕ್ಕೆ, ಎಲ್ಲಾ ಮುಗಿಸಬೇಕು. ಜೋಳ, ರಾಗಿ, ನೀರು ಹತ್ತಿರದಲ್ಲೇ ಇಡಿ. ಏಳದೇ ಇರುವ ಅತಿ ಆಸೆಯ ತಾಯಂದಿರನ್ನು ಮೆಲ್ಲಗೆ ನೀವೇ ಎಬ್ಬಿಸಿ.

ಕೋಳಿಯಾಗಲಿ ಮೆಷಿನ್ನಾಗಲಿ, ಮೊಟ್ಟೆ ಸರಿ ಇಲ್ಲದಿದ್ದರೆ ಯಾವುದೂ ಮರಿ ಮಾಡಲಾರದು. ಅಂಗಡಿ ಫಾರಂ ಮೊಟ್ಟೆ ಸುಮ್ನೆ ಇಡಬೇಡಿ, ಅಲ್ಲಿ ಹುಂಜವೇ ಇರುವುದಿಲ್ಲ. ಎಂಟು ಹತ್ತು ಹೇಂಟೆಗೆ ಒಂದು ಚುರುಕಾದ ಹುಂಜ ಇರಬೇಕು. ಒಂದು ವಾರಕ್ಕಿಂತ ಹಳೆಯ ಮೊಟ್ಟೆ ಬೇಡ. ಕೂಡಿಡುವಾಗ ಚೂಪು ತುದಿ ಕೆಳಗೆ, ತಂಪಾದ ಜಾಗದಲ್ಲಿ, ಆದರೆ ಫ್ರಿಜ್ ಒಳಗಲ್ಲ. ಏಪ್ರಿಲ್, ಮೇ ಸೆಕೆಯಲ್ಲಿ ಹೊರಗೆ ಇಟ್ಟ ಮೊಟ್ಟೆಯೊಳಗೆ ಅರ್ಧಂಬರ್ಧ ಬೆಳವಣಿಗೆ ಶುರುವಾಗಿ ನಿಂತುಹೋಗುತ್ತೆ, ಹಾಗಾಗಿ ಆಗ ನಾಲ್ಕೈದು ದಿನಕ್ಕಿಂತ ಹೆಚ್ಚು ಕೂಡಿಡಬೇಡಿ. ತೊಳೆಯಲೂ ಬೇಡಿ. ಚಿಪ್ಪಿನ ಮೇಲೆ ಕಣ್ಣಿಗೆ ಕಾಣದ ಪೊರೆ ಇರುತ್ತೆ, ಅದು ಹೋದರೆ ರೋಗ ಒಳಗೆ ಇಳಿಯುತ್ತೆ.

ಇನ್ನು ಮೆಷಿನ್. ಬೈಯಲು ಕೂತಿಲ್ಲ ನಾನು. ಇದರ ದೊಡ್ಡ ಲಾಭ ಏನೆಂದರೆ ಕೋಳಿ ಕೂರುವ ತನಕ ಕಾಯಬೇಕಿಲ್ಲ, ಹೇಂಟೆ ಮೂರು ತಿಂಗಳು ಮೊಟ್ಟೆ ನಿಲ್ಲಿಸುವುದೂ ಇಲ್ಲ. ಮೊಟ್ಟೆ ಎತ್ತಿಕೊಂಡು, ಕಾವು ಬಿಡಿಸಿದರೆ ಬೇಗ ಮತ್ತೆ ಇಡಲು ಶುರು ಮಾಡುತ್ತೆ. (ಕಾವು ಬಿಡಿಸುವುದಕ್ಕೆ ನೀರಲ್ಲಿ ಮುಳುಗಿಸುವುದು, ಮೂಗಿಗೆ ಪುಕ್ಕ ಚುಚ್ಚುವುದು ಎಲ್ಲಾ ಬೇಡ. ಹುಲ್ಲು ಹಾಸದ ಜಾಲರಿ ಗೂಡಿನಲ್ಲಿ ಕಾಳು ನೀರು ಕೊಟ್ಟು ನಾಲ್ಕು ದಿನ ಇಡಿ, ಹೊಟ್ಟೆಗೆ ಗಾಳಿ ತಾಗಿದರೆ ತಾನೇ ಬಿಡುತ್ತೆ.)

ಮೆಷಿನ್ ಬಂದ ದಿನವೇ ಮೊಟ್ಟೆ ತುಂಬಬೇಡಿ. ಒಂದು ದಿನ ಖಾಲಿ ಓಡಿಸಿ, ಡಿಸ್‌ಪ್ಲೇ ತೋರಿಸುವ ಬಿಸಿ ನಿಜವಾ ಅಂತ ನೋಡಿ. ಮನೆಯಲ್ಲಿ ಜ್ವರ ನೋಡುವ ಥರ್ಮಾಮೀಟರ್ ಇರುತ್ತಲ್ಲ, ಅದು ಈ ಅಳತೆಗೆ ಹೇಳಿ ಮಾಡಿಸಿದ್ದು. ಒಳಗೆ ಮೊಟ್ಟೆ ಇಡುವ ಎತ್ತರದಲ್ಲಿ ಇಟ್ಟು ನೋಡಿದರೆ ಗೊತ್ತಾಗುತ್ತೆ. ಫ್ಯಾನ್ ಇರುವ ಡಬ್ಬಿಗೆ 37.5 ಡಿಗ್ರಿ. ಫ್ಯಾನ್ ಇಲ್ಲದ್ದಕ್ಕೆ ಮೊಟ್ಟೆಯ ಮೇಲ್ಭಾಗದಲ್ಲಿ 38.5ರ ಆಸುಪಾಸು. ಸ್ವಲ್ಪ ತಣ್ಣಗಾದರೆ ಮರಿ ತಡವಾಗಿ ಬರುತ್ತೆ, ಬಿಸಿ 40 ದಾಟಿದರೆ ಬರುವುದೇ ಅನುಮಾನ. ಕರೆಂಟ್ ಹೋಯಿತು ಅಂತ ಗಾಬರಿ ಬೀಳಬೇಡಿ, ಮುಚ್ಚಳ ಮಾತ್ರ ತೆಗೆಯಬೇಡಿ. ಮೇಲೊಂದು ಕಂಬಳಿ ಹೊದಿಸಿ, ಗಾಳಿ ತೂತು ಬಿಟ್ಟು. ಒಂದೆರಡು ಗಂಟೆ ತಡೆಯುತ್ತೆ. ತಾಯಿ ಕೋಳಿಯೂ ದಿನಾ ಎದ್ದು ಹೋಗುತ್ತೆ ಅಲ್ವಾ. ದಿನಾ ಗಂಟೆಗಟ್ಟಲೆ ಕರೆಂಟ್ ಹೋಗುವ ಊರಾದರೆ ಬ್ಯಾಟರಿಗೂ ಓಡುವ ಮೆಷಿನ್ನೇ ತಗೊಳ್ಳಿ, ಇಲ್ಲದಿದ್ದರೆ ಬೇಡ.

ತೇವದ ವಿಷಯದಲ್ಲಿ ಎಲ್ಲರೂ ಸೋಲುವುದು. ಮೊದಲ 18 ದಿನ ಶೇಕಡಾ 50ರಿಂದ 55, ಕೊನೆಯ ಮೂರು ದಿನ 65ರಿಂದ 70 ಅಂತ ಲೆಕ್ಕ. ತೇವಕ್ಕೆ ಒಳಗಿಡುವ ನೀರಿನ ಬಟ್ಟಲು ಎಷ್ಟು ಆಳ ಅನ್ನುವುದು ಮುಖ್ಯವಲ್ಲ, ಎಷ್ಟು ಅಗಲ ಅನ್ನುವುದು ಮುಖ್ಯ. ಮಳೆಗಾಲದ ಮಂಗಳೂರಲ್ಲಿ ಮೊದಲ ವಾರಗಳಲ್ಲಿ ಬಟ್ಟಲೇ ಬೇಡವಾಗಬಹುದು, ಬೇಸಿಗೆಯ ರಾಯಚೂರಲ್ಲಿ ಎರಡು ಬಟ್ಟಲು ಸಾಲದೆ ಹೋಗಬಹುದು. ತೇವ ಜಾಸ್ತಿಯಾದರೆ ಮೊಟ್ಟೆಯ ಅಗಲ ತುದಿಯಲ್ಲಿರುವ ಗಾಳಿಯ ಜಾಗ ಚಿಕ್ಕದಾಗಿಯೇ ಉಳಿದು, ಮರಿ ಉಸಿರಿಗೆ ಜಾಗವಿಲ್ಲದೆ ಒಳಗೇ ಸಾಯುತ್ತೆ. ಏಳನೇ ದಿನ ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚ್ ಮೇಲೆ ಮೊಟ್ಟೆ ಹಿಡಿದು ನೋಡಿ. ಕೆಂಪು ನರ ಜೇಡದ ಬಲೆ ಥರ ಹರಡಿದ್ದರೆ ಸರಿ. ಏನೂ ಕಾಣದೆ ಹಳದಿಯಾಗಿ ಬೆಳಗಿದರೆ ಗೊಡ್ಡು, ತೆಗೆದುಬಿಡಿ. ಕೂತ ಕೋಳಿಯ ಮೊಟ್ಟೆಗೂ ಇದೇ ಪರೀಕ್ಷೆ.

ಮೊಟ್ಟೆ ತಿರುಗಿಸುವುದನ್ನು ಕೋಳಿ ತಾನೇ ಕೊಕ್ಕಿನಿಂದ ಮಾಡಿಕೊಳ್ಳುತ್ತೆ. ತಿರುಗಿಸುವ ಮೋಟಾರಿಲ್ಲದ ಮೆಷಿನ್ನಲ್ಲಿ ನೀವು ಮಾಡಬೇಕು, ದಿನಕ್ಕೆ ಮೂರು ಇಲ್ಲವೇ ಐದು ಸಲ. ಬೆಸ ಸಂಖ್ಯೆ ಯಾಕೆಂದರೆ ರಾತ್ರಿಯ ದೀರ್ಘ ಹೊತ್ತು ಪ್ರತಿಸಲ ಒಂದೇ ಮಗ್ಗುಲಲ್ಲಿ ಬಿದ್ದಿರಬಾರದು. 18ನೇ ದಿನ ನಿಲ್ಲಿಸಿ. ಆಮೇಲೆ ಮುಚ್ಚಳ ತೆಗೆಯುವುದೂ ನಿಲ್ಲಿಸಿ. ಚಿಪ್ಪಿಗೆ ತೂತು ಬಿದ್ದು ಹನ್ನೆರಡು ಗಂಟೆಯಾದರೂ ಮರಿ ಬರಲಿಲ್ಲ ಅಂತ ಒಡೆಯಲು ಹೋಗುತ್ತಾರೆ, ಬೇಡ. ಇಡೀ ದಿನವೂ ಹಿಡಿಯಬಹುದು. ಒಳಗೆ ರಕ್ತನಾಳ ಇನ್ನೂ ಒಣಗಿರುವುದಿಲ್ಲ, ಹಳದಿ ಭಾಗವನ್ನು ಮರಿ ಹೊಟ್ಟೆಯೊಳಗೆ ಎಳೆದುಕೊಳ್ಳುತ್ತಿರುತ್ತೆ. ಆ ಹಳದಿಯ ಬಲದಲ್ಲೇ ಹುಟ್ಟಿದ ಮರಿ ಎರಡು ದಿನ ತಿನ್ನದೆ ಇರಬಲ್ಲದು, ಹಾಗಾಗಿ ಮೈ ಒಣಗುವ ತನಕ ಒಳಗೇ ಬಿಡಿ.

ಈಗ ನಾನು ಮೊದಲು ಕೇಳಿದ ಪ್ರಶ್ನೆ. ಮೆಷಿನ್ ಮರಿಗೆ ತಾಯಿ ಇಲ್ಲ. ಮೊದಲ ವಾರ 35 ಡಿಗ್ರಿ ಬಿಸಿ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬೇಕು. ರಟ್ಟಿನ ಡಬ್ಬಿ, ಮೇಲೆ 60 ವ್ಯಾಟ್ ಬಲ್ಬು, ಹಳೆಯ ಕಾಲದ ಬಿಸಿಯಾಗುವ ಬಲ್ಬು, ಎಲ್‌ಇಡಿ ಅಲ್ಲ. ಮರಿಗಳು ಬಲ್ಬಿನ ಕೆಳಗೆ ಗುಂಪಾಗಿ ಕೂಗಿದರೆ ಚಳಿ, ಮೂಲೆಗೆ ಹೋಗಿ ಬಾಯಿ ತೆರೆದರೆ ಸೆಕೆ. ಕೆಳಗೆ ಪೇಪರ್ ಹಾಸಬೇಡಿ, ಜಾರಿ ಕಾಲು ಅಗಲವಾಗಿ ಹೋಗುತ್ತೆ. ಗೋಣಿ ಹಾಸಿ. ನೀರಿನ ತಟ್ಟೆಯಲ್ಲಿ ನಾಲ್ಕು ಕಲ್ಲು ಹಾಕಿ, ಮುಳುಗುವುದಿಲ್ಲ.

ಇದಕ್ಕಿಂತ ನನಗೆ ಇಷ್ಟವಾದ ದಾರಿ ಎರಡನ್ನೂ ಕೂಡಿಸುವುದು. ಮೆಷಿನ್ನಲ್ಲಿ ಮೊಟ್ಟೆ ಇಟ್ಟ ದಿನವೇ ಕೋಳಿಗೂ ಇಡಿ. ಮರಿ ಬಂದ ರಾತ್ರಿ, ಕತ್ತಲಲ್ಲಿ, ಮೆಷಿನ್ ಮರಿಗಳನ್ನು ಒಂದೊಂದಾಗಿ ಕೋಳಿಯ ಹೊಟ್ಟೆ ಕೆಳಗೆ ಸರಿಸಿ. ಎರಡು ದಿನ ದಾಟಿದ ಮರಿಯನ್ನು ಕೆಲವು ಕೋಳಿ ಒಪ್ಪುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಹೋಗಿ ನೋಡಿ, ಕುಕ್ಕುತ್ತಿದ್ದರೆ ತೆಗೆಯಿರಿ. ಒಂದು ನಾಟಿ ಹೇಂಟೆ ಹದಿನೈದು ಮರಿ ಆರಾಮಾಗಿ ಹೊದ್ದುಕೊಳ್ಳುತ್ತೆ, ಚಳಿಗಾಲದಲ್ಲಿ ಸ್ವಲ್ಪ ಕಡಿಮೆ ಕೊಡಿ.

ಯಾವ ದಾರಿಯಲ್ಲಿ ಬಂದ ಮರಿಯಾದರೂ ಲಸಿಕೆ ತಪ್ಪಿಸಬೇಡಿ. ಕೊಕ್ಕರೆ ರೋಗಕ್ಕೆ (ರಾಣಿಖೇತ್ ಅಂತಾರಲ್ಲ, ಅದೇ) ಮೊದಲ ವಾರದಲ್ಲೇ ಕಣ್ಣಿಗೆ ಹನಿ ಹಾಕಿಸಬೇಕು. ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಸೀಸೆಯಲ್ಲಿ ನೂರಾರು ಮರಿಗೆ ಆಗುವಷ್ಟಿರುತ್ತೆ, ಒಮ್ಮೆ ಕಲಸಿದರೆ ಕೆಲವೇ ಗಂಟೆಯೊಳಗೆ ಮುಗಿಸಬೇಕು, ಅಕ್ಕಪಕ್ಕದವರನ್ನು ಸೇರಿಸಿಕೊಂಡರೆ ಖರ್ಚೂ ಹಂಚಿಹೋಗುತ್ತೆ.

ಬಾತುಕೋಳಿ ಮೊಟ್ಟೆಯನ್ನೂ ಇದೇ ಕೋಳಿಗೆ ಇಡಬಹುದಾ ಅಂತ ಕೇಳುವವರಿಗೆ: ಇಡಬಹುದು, ಆದರೆ ಅದಕ್ಕೆ 28 ದಿನ ಬೇಕು. ಎರಡೂ ಬೇಕಿದ್ದರೆ ಬಾತಿನ ಮೊಟ್ಟೆಯನ್ನು ಒಂದು ವಾರ ಮೊದಲು ಇಟ್ಟು, ಆಮೇಲೆ ಕೋಳಿ ಮೊಟ್ಟೆ ಸೇರಿಸಿ.