ದಿನಕ್ಕೊಂದು ಫೋಟೊ, ವರ್ಷವಿಡೀ: ನಡುವೆ ನಿಲ್ಲದಂತೆ ನಡೆಸುವ ಬಗೆ

ದಿನಕ್ಕೊಂದು ಫೋಟೊ ತೆಗೆಯಲು ಹೊರಟವರು ನಡುವೆ ಕೈಬಿಡುವುದಕ್ಕೆ ವಿಷಯ ಸಿಗದಿರುವುದು ಕಾರಣವಾಗುವುದು ಕಡಿಮೆ. ತೆಗೆದದ್ದನ್ನು ಅಂದಂದೇ ಆರಿಸಿಡದೆ ಬಿಡುವುದೇ ಹೆಚ್ಚಿನ ಸಲ ಕಾರಣ. ಹತ್ತು ದಿನದ ಆಯ್ಕೆ ಬಾಕಿ ಬಿತ್ತೆಂದರೆ ಫೋನಿನಲ್ಲಿ ನೂರೈವತ್ತು ಚಿತ್ರಗಳು ಕೂತಿರುತ್ತವೆ. ಯಾವುದನ್ನು ಯಾಕೆ ತೆಗೆದೆವು ಎಂಬುದೇ ಅಷ್ಟರಲ್ಲಿ ಮರೆತಿರುತ್ತದೆ. ಆ ರಾಶಿಗೆ ಕೈ ಹಾಕಲು ಬೇಸರವಾಗಿ ಹನ್ನೊಂದನೆಯ ದಿನ ಕ್ಯಾಮೆರಾವನ್ನೇ ಎತ್ತಿಕೊಳ್ಳುವುದಿಲ್ಲ. ಆದ್ದರಿಂದ ಒಂದು ಮಾತು ಮೊದಲೇ ಗಟ್ಟಿಯಾಗಿರಲಿ: ಆರಿಸಿ, ಹೆಸರಿಟ್ಟು, ಫೋಲ್ಡರಿಗೆ ಹಾಕುವವರೆಗೆ ಆ ದಿನದ ಫೋಟೊ ಮುಗಿದಿಲ್ಲ.

ಶುರು ಮಾಡುವ ಮುನ್ನ

ಜನವರಿ 1ಕ್ಕೆ ಕಾಯಬೇಕಿಲ್ಲ, ಯಾವ ದಿನ ಶುರು ಮಾಡಿದರೂ ವರ್ಷ ವರ್ಷವೇ. ನಡುವೆ ಫೆಬ್ರವರಿ 29 ಬಂದರೆ ಮಾತ್ರ ಲೆಕ್ಕ 366 ಆಗುತ್ತದೆ.

ಮೂರು ನಿಯಮಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ. ದಿನ ಯಾವಾಗ ಮುಗಿಯುತ್ತದೆ? ಹಗಲು ಕೆಲಸದವರಿಗೆ ನಡುರಾತ್ರಿ 12 ಸರಿ. ರಾತ್ರಿ ಪಾಳಿಯವರು ‘ಎದ್ದಾಗಿನಿಂದ ಮಲಗುವವರೆಗೆ ಒಂದು ದಿನ’ ಎಂದಿಟ್ಟುಕೊಳ್ಳುವುದು ವಾಸಿ. ಎರಡನೆಯದು, ತಪ್ಪಿದ ದಿನಕ್ಕೆ ಏನು ಮಾಡಬೇಕು? ಅದನ್ನು ಖಾಲಿ ಬಿಡಿ. ಮರುದಿನ ಎರಡು ತೆಗೆದು ಒಂದನ್ನು ನಿನ್ನೆಯ ಲೆಕ್ಕಕ್ಕೆ ಹಾಕಬೇಡಿ. ಒಮ್ಮೆ ಹಾಗೆ ಮಾಡಿದರೆ ಆಮೇಲೆ ಭಾನುವಾರ ಕೂತು ಏಳು ಫೋಟೊ ತೆಗೆದು ವಾರ ಮುಗಿಸುವ ಅಭ್ಯಾಸ ಹತ್ತುತ್ತದೆ. ದಿನ ತಪ್ಪಿತೆಂದು ಮತ್ತೆ ಒಂದರಿಂದ ಎಣಿಸಲು ಹೋಗಲೂಬೇಡಿ, ಹಲವರು ಕೈಬಿಡುವುದು ಅಲ್ಲೂ. ಮೂರನೆಯದು, ಹಲವು ತೆಗೆದು ಒಂದನ್ನು ಆರಿಸುವುದೋ, ತೆಗೆಯುವುದೇ ಒಂದೋ? ಅಮೆರಿಕದ ಜೇಮಿ ಲಿವಿಂಗ್‌ಸ್ಟನ್ 1979ರ ಮಾರ್ಚ್ 31ರಿಂದ, ತಾವು ತೀರಿಕೊಂಡ 1997ರ ಅಕ್ಟೋಬರ್ 25ರವರೆಗೆ ಪೋಲರಾಯ್ಡ್ ಕ್ಯಾಮೆರಾದಲ್ಲಿ ದಿನಕ್ಕೆ ಒಂದೇ ಚಿತ್ರ ತೆಗೆಯುತ್ತ ಬಂದರು. ಅದು ಬಹಳ ಕಟ್ಟುನಿಟ್ಟಿನ ದಾರಿ. ಕಲಿಯುವ ಆಸೆಯಿಂದ ಶುರು ಮಾಡುವವರು ಹಲವು ತೆಗೆದು ಒಂದನ್ನು ಉಳಿಸಿಕೊಳ್ಳುವುದೇ ಒಳ್ಳೆಯದು, ಯಾಕೆಂದರೆ ಕಣ್ಣು ಪಳಗುವುದು ಆರಿಸುವಾಗ.

ಕ್ಯಾಮೆರಾ ಯಾವುದು ಎಂಬ ಪ್ರಶ್ನೆಗೆ ಹೆಚ್ಚು ಹೊತ್ತು ಬೇಡ. ಸದಾ ಜೇಬಿನಲ್ಲಿರುವ ಫೋನು, ಬೀರುವಿನಲ್ಲಿರುವ ದೊಡ್ಡ ಕ್ಯಾಮೆರಾಕ್ಕಿಂತ ಈ ಕೆಲಸಕ್ಕೆ ಮೇಲು. ದೊಡ್ಡ ಕ್ಯಾಮೆರಾದಲ್ಲೇ ಮಾಡುತ್ತೇನೆ ಎನ್ನುವವರು 35 ಅಥವಾ 50 ಮಿಲಿಮೀಟರಿನ ಒಂದೇ ಲೆನ್ಸ್ ಹಾಕಿಟ್ಟರೆ ಚೀಲವೂ ಹಗುರ, ತೀರ್ಮಾನಗಳೂ ಕಡಿಮೆ. ಕ್ಯಾಮೆರಾದ ದಿನಾಂಕ, ಗಡಿಯಾರ ಸರಿಯಿದೆಯೇ ಎಂದು ಮೊದಲ ದಿನವೇ ನೋಡಿ. ಫೋನು ತಾನಾಗಿ ಸರಿಪಡಿಸಿಕೊಳ್ಳುತ್ತದೆ, ಕ್ಯಾಮೆರಾ ಸಾಮಾನ್ಯವಾಗಿ ಹಾಗಲ್ಲ. ಬ್ಯಾಟರಿ ಬಹಳ ದಿನ ಖಾಲಿಯಿದ್ದರೆ ದಿನಾಂಕ ಎಲ್ಲಿಗೋ ಹೋಗಿರುತ್ತದೆ, ಆಗ ತಿಂಗಳ ಕೊನೆಗೆ ಫೈಲುಗಳು ದಿನದ ಸಾಲಿನಲ್ಲಿ ನಿಲ್ಲುವುದಿಲ್ಲ.

ಜಾಗದ ಲೆಕ್ಕವನ್ನೂ ಈಗಲೇ ಹಾಕಿಕೊಳ್ಳಿ. 12 ಮೆಗಾಪಿಕ್ಸೆಲ್‌ನ ಜೆಪೆಗ್ ಚಿತ್ರಕ್ಕೆ ಸುಮಾರು 4 ಎಂಬಿ. ದಿನಕ್ಕೆ 15ರಂತೆ ತೆಗೆದು ಯಾವುದನ್ನೂ ಅಳಿಸದಿದ್ದರೆ ವರ್ಷಕ್ಕೆ ಹತ್ತಿರ ಹತ್ತಿರ 22 ಜಿಬಿ. 25 ಎಂಬಿಯ ರಾ ಫೈಲುಗಳಾದರೆ (ಕ್ಯಾಮೆರಾ ಕಂಡದ್ದನ್ನು ಸಂಸ್ಕರಿಸದೆ ಹಾಗೇ ಇಡುವ ಫೈಲು) ಅದೇ ಲೆಕ್ಕ 137 ಜಿಬಿಗೆ ಹೋಗುತ್ತದೆ. ದಿನಕ್ಕೆ ಆರಿಸಿದ ಒಂದನ್ನೇ ಉಳಿಸಿಕೊಂಡರೆ ರಾ ಫೈಲಾದರೂ ವರ್ಷಕ್ಕೆ 9 ಜಿಬಿ ಸಾಕು.

ತೆಗೆಯುವ ಹತ್ತು ನಿಮಿಷ

ದಿನಕ್ಕೆ ಹದಿನೈದು ನಿಮಿಷ ಎತ್ತಿಡಿ: ತೆಗೆಯಲು ಹತ್ತು, ಆರಿಸಿ ಹೆಸರಿಡಲು ಐದು. ಬೆಳಿಗ್ಗೆಯೇ ಒಂದು ‘ಕೈಗಾವಲು’ ಚಿತ್ರ ತೆಗೆದುಬಿಡಿ. ಅದು ಚೆನ್ನಾಗಿರಬೇಕೆಂದೇನಿಲ್ಲ. ದಿನದಲ್ಲಿ ಬೇರೇನೂ ಸಿಗದಿದ್ದರೆ ಅದು ಇದ್ದೇ ಇರುತ್ತದೆ. ರಾತ್ರಿ ಹನ್ನೊಂದೂವರೆಗೆ ಟ್ಯೂಬ್‌ಲೈಟಿನ ಕೆಳಗೆ ಪರದಾಡುವುದು ತಪ್ಪುತ್ತದೆ.

ತೆಗೆಯುವಾಗ ಹತ್ತು ವಸ್ತುಗಳ ಹಿಂದೆ ಹೋಗುವುದಕ್ಕಿಂತ ಒಂದೇ ವಸ್ತುವಿನ ಸುತ್ತ ನಿಲ್ಲಿ. ಒಂದು ಗಾಜಿನ ಲೋಟವನ್ನೇ ತೆಗೆದುಕೊಳ್ಳಿ. ಅರ್ಧ ನೀರು ತುಂಬಿ, ಕಿಟಕಿಯಿಂದ ಒಂದು ಮೀಟರ್ ದೂರದಲ್ಲಿ ಮೇಜಿನ ಮೇಲಿಡಿ. ಕೋಣೆಯ ದೀಪ ಆರಿಸಿ, ಇಲ್ಲದಿದ್ದರೆ ಕಿಟಕಿಯ ನೀಲಿಯೂ ದೀಪದ ಹಳದಿಯೂ ಬೆರೆತು ಯಾವ ವೈಟ್ ಬ್ಯಾಲೆನ್ಸ್‌ಗೂ (ಬೆಳಕಿಗೆ ತಕ್ಕಂತೆ ಚಿತ್ರದ ಬಣ್ಣ ಹೊಂದಿಸುವ ಸೆಟ್ಟಿಂಗ್) ಬಣ್ಣ ಸರಿಹೋಗುವುದಿಲ್ಲ. ಮೊದಲು ಕಿಟಕಿಗೆ ಬೆನ್ನು ಮಾಡಿ ನಿಂತು ತೆಗೆಯಿರಿ: ಲೋಟ ಚಪ್ಪಟೆಯಾಗಿ ಕಾಣುತ್ತದೆ, ನಿಮ್ಮ ನೆರಳೂ ಅದರ ಮೇಲೆ ಬೀಳಬಹುದು. ಈಗ ಕಿಟಕಿ ನಿಮ್ಮ ಪಕ್ಕಕ್ಕೆ ಬರುವಂತೆ ಸರಿಯಿರಿ: ಲೋಟದ ಒಂದು ಮಗ್ಗುಲು ಬೆಳಗಿ ಇನ್ನೊಂದು ಮಸುಕಾಗಿ, ದುಂಡು ಎದ್ದು ಬರುತ್ತದೆ. ಆಮೇಲೆ ಲೋಟದ ಹಿಂದೆ ಕಿಟಕಿ ಇರುವಂತೆ ನಿಲ್ಲಿ. ಈಗ ಗಾಜಿನ ಅಂಚು ಕಪ್ಪು ಗೆರೆಯಾಗಿ ಕಾಣುತ್ತದೆ, ನೀರಿನೊಳಗೆ ಕಿಟಕಿ ಎಡಬಲ ಅದಲುಬದಲಾಗಿ ಮೂಡುತ್ತದೆ. ಫೋನಿನಲ್ಲಾದರೆ ಲೋಟದ ಅಂಚಿನ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಪರದೆಯಲ್ಲಿ ಬೆಳಕು ಹೊಂದಿಸುವ ಪಟ್ಟಿಯನ್ನು ಕೆಳಗೆಳೆಯಿರಿ. ಹೊರಗಿನ ಬೆಳಕು ಬಿಳಿಚಿ ಹೋಗುವುದು ನಿಲ್ಲುತ್ತದೆ. ಒಂದೇ ಲೋಟ, ನಾಲ್ಕು ಹೆಜ್ಜೆ ಸರಿದದ್ದಕ್ಕೆ ಮೂರು ಬೇರೆ ಚಿತ್ರ. ವರ್ಷದ ಅರ್ಧ ಪಾಠ ಇಷ್ಟರಲ್ಲೇ ಇದೆ, ಮನೆ ಬಿಟ್ಟು ಹೊರಡಬೇಕಾಗಿಲ್ಲ.

ಕ್ಯಾಮೆರಾ ಕಣ್ಣಿನಂತೆ ನೋಡುವುದಿಲ್ಲ. ಅದು ಎದುರಿಗಿರುವುದೆಲ್ಲವನ್ನೂ ನಡುಮಟ್ಟದ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಅದಕ್ಕೇ ಬಿಳಿ ಗೋಡೆ ಬೂದು ಬಣ್ಣವಾಗಿ, ಕಪ್ಪು ಬೆಕ್ಕು ಬಣ್ಣ ಮಾಸಿದಂತೆ ಬರುವುದು. ಚೌಕಟ್ಟು ತುಂಬ ಬಿಳಿ ಇದ್ದರೆ ಎಕ್ಸ್‌ಪೋಷರ್ ಕಾಂಪನ್ಸೇಷನ್ (ಚಿತ್ರದ ಬೆಳಕು ಏರಿಸಿ ಇಳಿಸುವ ಸೆಟ್ಟಿಂಗ್) +1, ಕಪ್ಪು ಇದ್ದರೆ −1 ಮಾಡಿ, ಅಲ್ಲಿಂದ ಹೊಂದಿಸಿಕೊಳ್ಳಿ.

ಚಿತ್ರ ಮಸುಕಾದರೆ ಕಾರಣ ಹೆಚ್ಚಾಗಿ ಮೂರರಲ್ಲಿ ಒಂದು. ಫೋನಿನ ಲೆನ್ಸಿಗೆ ಬೆರಳಿನ ಜಿಡ್ಡು ಹತ್ತಿದ್ದರೆ ದೀಪಗಳ ಸುತ್ತ ಮಂಜು ಕವಿದಂತೆ ಬರುತ್ತದೆ. ತೆಗೆಯುವ ಮುಂಚೆ ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಒರೆಸುವುದು ಅಭ್ಯಾಸವಾಗಲಿ. ಇಡೀ ಚಿತ್ರ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈ ಅಲುಗಿದೆ. ಶಟರ್ ಸ್ಪೀಡ್ (ಕ್ಯಾಮೆರಾ ಬೆಳಕನ್ನು ಒಳಬಿಡುವ ಹೊತ್ತು) 50 ಮಿಲಿಮೀಟರ್ ಲೆನ್ಸಿಗೆ ಕನಿಷ್ಠ 1/50, 200ಕ್ಕೆ 1/200 ಸೆಕೆಂಡು ಎಂಬ ಹಳೆಯ ಲೆಕ್ಕ ಈಗಲೂ ನಂಬಬಹುದಾದದ್ದು. ಸುತ್ತಲೆಲ್ಲ ಸ್ಪಷ್ಟವಿದ್ದು ಮನುಷ್ಯ ಮಾತ್ರ ಮಸುಕಾದರೆ ಅವನು ಚಲಿಸಿದ್ದಾನೆ. ನಡೆಯುವವರಿಗೆ 1/250, ಓಡಾಡುವ ಮಕ್ಕಳಿಗೆ 1/500 ಇಟ್ಟುಕೊಂಡು, ಕತ್ತಲಾದರೆ ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) ಏರಿಸಿ. ಕಾಳುಕಾಳಾಗಿ ಬಂದ ಚಿತ್ರವನ್ನು ಸಹಿಸಬಹುದು, ಅಲುಗಿದ್ದನ್ನು ಸರಿಪಡಿಸಲಾಗದು. ಫೋನಿನ ನೈಟ್ ಮೋಡ್ ಕೆಲವು ಸೆಕೆಂಡು ಬೆಳಕು ಕೂಡಿಸುತ್ತದೆ. ಅದು ನಿಂತ ವಸ್ತುಗಳಿಗೆ ಸರಿ, ಮಕ್ಕಳಿಗೆ ಆಗದು.

ಇನ್ನೊಂದು ತೊಂದರೆ ಹಲವರನ್ನು ಕಾಡುತ್ತದೆ: ಒಳಾಂಗಣದ ಚಿತ್ರದ ಮೇಲೆ ಅಡ್ಡಡ್ಡ ಕಪ್ಪು ಪಟ್ಟಿಗಳು. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಟ್ಯೂಬ್‌ಲೈಟೂ ಕೆಲವು ಎಲ್‌ಇಡಿ ದೀಪಗಳೂ ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಕಣ್ಣಿಗೆ ತಿಳಿಯದಿದ್ದರೂ, ಚಿತ್ರವನ್ನು ಸಾಲು ಸಾಲಾಗಿ ಓದುವ ಸೆನ್ಸರಿಗೆ ಅದು ಕಾಣುತ್ತದೆ. ಶಟರ್ ಸ್ಪೀಡನ್ನು 1/50 ಅಥವಾ 1/100ಕ್ಕೆ ಇಳಿಸಿದರೆ ಪಟ್ಟಿ ಮಾಯ. 60 ಹರ್ಟ್ಸ್ ಇರುವ ದೇಶಗಳಲ್ಲಿ 1/60 ಅಥವಾ 1/120.

ಉತ್ಸಾಹ ಇಳಿದಾಗ

ಮೊದಲ ಕೆಲವು ವಾರ ಕಂಡದ್ದೆಲ್ಲ ಚಿತ್ರವೇ. ಎರಡು ಮೂರು ತಿಂಗಳಾಗುವ ಹೊತ್ತಿಗೆ ಮನೆ, ಬೀದಿ, ಆಕಾಶ, ಬೆಕ್ಕು ಎಲ್ಲ ಮುಗಿದಂತೆ ಅನಿಸುತ್ತದೆ. ಆಗ ಬೇಕಾದದ್ದು ಹೊಸ ಊರಲ್ಲ, ಹೊಸ ಕಟ್ಟುಪಾಡು. ತಿಂಗಳಿಗೊಂದು ಹಾಕಿಕೊಳ್ಳಿ: ಬರೀ ನೆರಳು, ಬರೀ ಕೈಗಳು, ಕಪ್ಪು ಬಿಳುಪು ಮಾತ್ರ, ಕೆಂಪು ಬಣ್ಣ ಇರಲೇಬೇಕು, ಮೊಣಕಾಲಿನ ಎತ್ತರದಿಂದಲೇ, ಮೂವತ್ತು ಸೆಂಟಿಮೀಟರಿಗಿಂತ ಹತ್ತಿರದಿಂದಲೇ. ಇವುಗಳಲ್ಲಿ ನೆರಳಿನ ತಿಂಗಳು ಎಲ್ಲಕ್ಕಿಂತ ಹೆಚ್ಚು ಕಲಿಸುತ್ತದೆ. ಬೆಳಕು ಎತ್ತಲಿಂದ ಬೀಳುತ್ತಿದೆ ಎಂದು ಗಮನಿಸದೆ ನೆರಳು ಸಿಗುವುದಿಲ್ಲ, ಆ ಗಮನ ಮುಂದೆ ಎಲ್ಲ ಚಿತ್ರಗಳಿಗೂ ಬರುತ್ತದೆ. ದಿನಕ್ಕೊಂದು ವಿಷಯ ಕೊಡುವ 365ರ ಸಿದ್ಧಪಟ್ಟಿಗಳು ಅಷ್ಟು ಉಪಯೋಗವಿಲ್ಲ. ಒಂದು ವಿಷಯದೊಳಗೆ ಇಳಿಯಲು ಒಂದು ದಿನ ಸಾಲದು.

ಜ್ವರ ಬಂದ ದಿನ, ಬಿಡುವಿಲ್ಲದ ದಿನಗಳಿಗೆಂದು ಮಂಚದಿಂದ ಏಳದೆಯೇ ತೆಗೆಯಬಹುದಾದ ಐದು ವಿಷಯ ಬರೆದಿಟ್ಟಿರಿ: ಹಾಸಿಗೆಯ ಸುಕ್ಕಿನ ಮೇಲೆ ಓರೆ ಬೆಳಕು, ಕಿಟಕಿ ಗಾಜಿನ ಹನಿ, ಪಕ್ಕದಿಂದ ಕಂಡ ಪುಸ್ತಕದ ಹಾಳೆಗಳು, ಔಷಧದ ಸೀಸೆ, ಸ್ವಂತ ಪಾದ.

ಅಪರಿಚಿತರ ಮುಖ ತೆಗೆಯುವಾಗ ಕೇಳಿ ತೆಗೆಯಿರಿ, ಬೇಡವೆಂದರೆ ಅಳಿಸಿ. ಚಿತ್ರಗಳನ್ನು ಬೇರೆಯವರು ನೋಡುವ ಕಡೆ ಹಾಕುವುದಾದರೆ ಮಕ್ಕಳ ವಿಷಯದಲ್ಲಿ ಹೆತ್ತವರ ಒಪ್ಪಿಗೆ ಬೇಕೇ ಬೇಕು, ಮನೆಯ ಜಾಗ ತಿಳಿಸುವ ಲೊಕೇಶನ್ ಗುರುತನ್ನೂ ತೆಗೆದುಹಾಕಿ.

ಒಂದೇ ಚೌಕಟ್ಟು, 365 ದಿನ

ದಿನಕ್ಕೊಂದು ಹೊಸ ವಿಷಯದ ಬದಲು ಒಂದೇ ಮರವನ್ನೋ, ಒಂದೇ ಮುಖವನ್ನೋ ವರ್ಷವಿಡೀ ತೆಗೆಯುವುದು ಇನ್ನೊಂದು ಬಗೆ. ಅಮೆರಿಕದ ಛಾಯಾಗ್ರಾಹಕ ಕಾರ್ಲ್ ಬೇಡನ್ 1987ರ ಫೆಬ್ರವರಿ 23ರಿಂದ ದಿನವೂ ತಮ್ಮ ಮುಖದ ಚಿತ್ರವನ್ನು ಒಂದೇ ರೀತಿಯಲ್ಲಿ ತೆಗೆಯುತ್ತ ಬಂದವರು. ಇಲ್ಲಿ ಕಲ್ಪನೆಗಿಂತ ಅಳತೆ ಮುಖ್ಯ. ನಿಲ್ಲುವ ಜಾಗಕ್ಕೆ ನೆಲದ ಮೇಲೆ ಟೇಪಿನ ಗುರುತು, ಟ್ರೈಪಾಡಿನ ಕಾಲಿಗೆ ಎತ್ತರದ ಗುರುತು ಹಾಕಿ. ಜೂಮ್ ಮುಟ್ಟಬೇಡಿ. ಮುಖವಾದರೆ ಎರಡು ಕಣ್ಣೂ ದಿನವೂ ಒಂದೇ ಅಡ್ಡಗೆರೆಯ ಮೇಲೆ ಬರಲಿ. ಪರದೆಯ ಗ್ರಿಡ್ ಗೆರೆಗಳು ಇದಕ್ಕೆ ಅನುಕೂಲ. ವೈಟ್ ಬ್ಯಾಲೆನ್ಸ್ ಆಟೊದಲ್ಲಿದ್ದರೆ ಇವತ್ತು ನೀಲಿ, ನಾಳೆ ಹಳದಿ ಎಂದು ಚಿತ್ರಗಳು ಜಿಗಿಯುತ್ತವೆ. ಹೊರಾಂಗಣಕ್ಕೆ ಡೇಲೈಟ್‌ಗೆ ನಿಲ್ಲಿಸಿ. ಎಷ್ಟೇ ಜಾಗ್ರತೆ ವಹಿಸಿದರೂ ದಿನದಿಂದ ದಿನಕ್ಕೆ ತುಸು ಸರಿದೇ ಸರಿಯುತ್ತದೆ, ಆದ್ದರಿಂದ ಚೌಕಟ್ಟಿನ ಸುತ್ತ ಹತ್ತರಲ್ಲೊಂದು ಪಾಲು ಜಾಗ ಬಿಟ್ಟರೆ ಆಮೇಲೆ ಕ್ರಾಪ್ ಮಾಡಿ ಜೋಡಿಸಬಹುದು. ಗಡಿಯಾರದ ಒಂದೇ ಹೊತ್ತಿಗೆ ತೆಗೆದರೂ ಋತುವಿನೊಂದಿಗೆ ಸೂರ್ಯನ ಎತ್ತರ ಬದಲಾಗಿ ನೆರಳು ಉದ್ದ, ಗಿಡ್ಡ ಆಗುತ್ತ ಹೋಗುತ್ತದೆ. ಇಂಥ ಸರಣಿಯ ಅರ್ಧ ಸೊಗಸು ಅದರಲ್ಲೇ ಇರುವುದರಿಂದ ಹೊತ್ತು ಬದಲಿಸಬೇಡಿ.

ಆರಿಸುವ ಐದು ನಿಮಿಷ

ಮಲಗುವ ಮುಂಚೆ ಅಂದಿನ ಚಿತ್ರಗಳನ್ನು ಒಮ್ಮೆ ಓಡಿಸಿ ನೋಡಿ. ಅಲುಗಿದ್ದು, ಕಣ್ಣು ಮುಚ್ಚಿದ್ದು ಮೊದಲು ಅಳಿಯಲಿ. ಉಳಿದವನ್ನು ಎರಡೆರಡಾಗಿ ಹೋಲಿಸಿ ಒಂದನ್ನು ಬಿಡುತ್ತ ಬನ್ನಿ. ಕೊನೆಗೆ ಎರಡು ಉಳಿದು ತೀರ್ಮಾನವಾಗದಿದ್ದರೆ ಎರಡನ್ನೂ ಬೆರಳುಗುರಿನಷ್ಟು ಚಿಕ್ಕದಾಗಿ ಮಾಡಿ ನೋಡಿ. ಆ ಗಾತ್ರದಲ್ಲೂ ಏನೆಂದು ತಿಳಿಯುವುದು ಯಾವುದೋ, ಅದನ್ನು ಇಟ್ಟುಕೊಳ್ಳಿ. ತಿದ್ದುವುದಕ್ಕೆ ಎರಡು ನಿಮಿಷ ಮೀರಬಾರದು: ಓರೆಯಾದ ಗೆರೆ ನೇರ ಮಾಡಿ, ಅಂಚಿನ ಕಸ ಕತ್ತರಿಸಿ, ಬೆಳಕು ಹೊಂದಿಸಿ.

ಫೈಲಿಗೆ ವರ್ಷ, ತಿಂಗಳು, ದಿನ ಈ ಕ್ರಮದಲ್ಲೇ ಹೆಸರಿಡಿ: 2026-03-09-ಲೋಟ. ದಿನವನ್ನು ಮೊದಲು ಬರೆದರೆ ಎಲ್ಲ ತಿಂಗಳುಗಳ 1ನೇ ತಾರೀಖು ಒಟ್ಟಿಗೆ ಬಂದು ಕೂರುತ್ತವೆ. ತಿಂಗಳಿಗೂ ದಿನಕ್ಕೂ ಎರಡು ಅಂಕಿ ಇರಬೇಕು, ಇಲ್ಲದಿದ್ದರೆ ಕೆಲವು ಕಡೆ 10 ಬಂದು 2ಕ್ಕಿಂತ ಮುಂಚೆ ನಿಲ್ಲುತ್ತದೆ. ಜೊತೆಗೆ ಒಂದು ಸಾಲು ಟಿಪ್ಪಣಿ: ಎಲ್ಲಿ, ಯಾರು, ಏನು ಪ್ರಯತ್ನಿಸಿದ್ದು. ಫೋನಿನಿಂದ ಕಂಪ್ಯೂಟರಿಗೆ ಸಾಗಿಸಲು ವಾಟ್ಸ್‌ಆ್ಯಪ್‌ನಲ್ಲಿ ಫೋಟೊವಾಗಿ ಕಳಿಸಿಕೊಳ್ಳಬೇಡಿ. ಚಿತ್ರ ಕುಗ್ಗುತ್ತದೆ, ತೆಗೆದ ದಿನಾಂಕದ ದಾಖಲೆಯೂ ಅಳಿಸಿಹೋಗುತ್ತದೆ. ಕೇಬಲ್ ಬಳಸಿ, ಅದಾಗದಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಿ.

ಆರಿಸಿದ ಚಿತ್ರಗಳಿಗೆ ಮೂರು ಪ್ರತಿ ಇರಲಿ: ಕಂಪ್ಯೂಟರಿನಲ್ಲೊಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲೊಂದು, ಮನೆಯಾಚೆ ಅಥವಾ ಕ್ಲೌಡ್‌ನಲ್ಲೊಂದು. ಫೋನಿಗೂ ಕ್ಲೌಡಿಗೂ ಸಿಂಕ್ ಇದ್ದರೆ ಒಂದು ಕಡೆ ಅಳಿಸಿದ್ದು ಇನ್ನೊಂದು ಕಡೆಯೂ ಅಳಿಯುತ್ತದೆ, ಅದನ್ನು ಬ್ಯಾಕಪ್ ಎಂದು ನಂಬಿ ಕೂರಬೇಡಿ. ವಾರಕ್ಕೊಮ್ಮೆ ಹಾರ್ಡ್ ಡಿಸ್ಕ್ ಜೋಡಿಸಿ ನಕಲು ಮಾಡಿದರೆ ಸಾಕು.

ತಿಂಗಳ ಕೊನೆಗೆ ಮೂವತ್ತನ್ನೂ ಒಂದೇ ಹಾಳೆಯಲ್ಲಿ ಜೋಡಿಸಿ ನೋಡಿ. ಬಿಡಿಬಿಡಿಯಾಗಿ ಕಾಣದ್ದು ಅಲ್ಲಿ ಕಾಣುತ್ತದೆ: ಎಲ್ಲವೂ ನಿಂತ ಎತ್ತರದಿಂದ ತೆಗೆದವು, ಎಲ್ಲದರಲ್ಲೂ ವಸ್ತು ನಟ್ಟನಡುವೆ, ಮನುಷ್ಯರೇ ಇಲ್ಲ. ಮುಂದಿನ ತಿಂಗಳ ಕಟ್ಟುಪಾಡು ಅದರಿಂದಲೇ ಹುಟ್ಟಲಿ.

ವರ್ಷ ತುಂಬಿದ ಮೇಲೆ ವಿಡಿಯೊ ಮಾಡುವುದಾದರೆ ವೇಗದ ಲೆಕ್ಕ ಗೊತ್ತಿರಲಿ. ಒಂದೇ ಚೌಕಟ್ಟಿನ ಸರಣಿಯನ್ನು ಸೆಕೆಂಡಿಗೆ 24ರಂತೆ ಓಡಿಸಿದರೆ 15 ಸೆಕೆಂಡಿಗೆ ಮುಗಿಯುತ್ತದೆ, 12ರಂತೆ ಓಡಿಸಿದರೆ ಅರ್ಧ ನಿಮಿಷ. ಬೇರೆ ಬೇರೆ ವಿಷಯಗಳ ಚಿತ್ರಗಳಿಗೆ ಸೆಕೆಂಡಿಗೆ 2 ಸಾಕು, ಮೂರು ನಿಮಿಷವಾಗುತ್ತದೆ. ಅದಕ್ಕಿಂತ ವೇಗವಾದರೆ ಕಣ್ಣು ಯಾವುದನ್ನೂ ಹಿಡಿಯದು. ಮುದ್ರಿಸುವುದಾದರೆ ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 4×6 ಇಂಚಿಗೆ 1200×1800 ಪಿಕ್ಸೆಲ್ ಸಾಕು, ಯಾವ ಫೋನೂ ಅಷ್ಟು ಕೊಡುತ್ತದೆ. ಆದರೆ ಹೆಚ್ಚಿನ ಫೋನುಗಳ ಚಿತ್ರ 4:3 ಆಕಾರದ್ದು, 4×6ರ ಕಾಗದ 3:2. ಅಡ್ಡ ಚಿತ್ರವಾದರೆ ಮೇಲೆ ಕೆಳಗೆ ಸೇರಿ ಒಂಬತ್ತರಲ್ಲೊಂದು ಪಾಲು ಕತ್ತರಿಸಿಹೋಗುತ್ತದೆ, ಮೊದಲು ಹೋಗುವುದು ತಲೆಗಳೇ. ಮುದ್ರಣಕ್ಕೆ ಕೊಡುವ ಮುಂಚೆ ನೀವೇ 3:2ಕ್ಕೆ ಕ್ರಾಪ್ ಮಾಡಿ ಕೊಡಿ. ಒಂದೂ ಕತ್ತರಿಸಬಾರದು ಎನ್ನುವುದಾದರೆ ಬಿಳಿ ಅಂಚು ಬಿಟ್ಟು ಮುದ್ರಿಸಲು ಹೇಳಿ.