ಹಳೇ ಟ್ರ್ಯಾಕ್ಟರಿನ ಲೈಟ್ ಮಂಕೇ? ಬಲ್ಬ್ ತರುವ ಮೊದಲು ಅರ್ತ್ ನೋಡಿ

ಟ್ರ್ಯಾಕ್ಟರಿನ ಲೈಟ್ ಮಂಕಾದರೆ ನಮ್ಮ ಕಡೆ ಎಲ್ಲರೂ ಮಾಡುವುದು ಒಂದೇ. ಶಿರಸಿ ಪೇಟೆಗೆ ಹೋಗಿ ಹೊಸ ಬಲ್ಬ್ ತರುತ್ತಾರೆ. ಅದೂ ಮಂಕು. ಆಮೇಲೆ ಹೊಸ ಬ್ಯಾಟರಿ. ಆಗಲೂ ಮಂಕೇ. ‘ಹಳೇ ಗಾಡಿ, ಇನ್ನೇನು’ ಅಂತ ಬಿಟ್ಟುಬಿಡುತ್ತಾರೆ. ಮಹೀಂದ್ರ ಬಿ-275 ಇರಲಿ, ಮ್ಯಾಸಿ 1035 ಇರಲಿ, ಜಾಸ್ತಿ ಸಲ ತೊಂದರೆ ಇರುವುದು ಅರ್ತಿನಲ್ಲಿ, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಬರುವ ದಾರಿಯಲ್ಲಿ.

ಈ ಗಾಡಿಗಳಲ್ಲಿ ಬಲ್ಬಿಗೆ ಹೋಗುವ ವೈರ್ ಒಂದೇ. ಕರೆಂಟ್ ವಾಪಸ್ ಬರುವುದು ಲ್ಯಾಂಪಿನ ಡಬ್ಬಿ, ಬ್ರಾಕೆಟ್, ಮಡ್‌ಗಾರ್ಡ್, ಗೇರ್‌ಬಾಕ್ಸ್ ದಾಟಿ. ನಡುವೆ ಎಷ್ಟು ಬೋಲ್ಟ್ ಇವೆಯೋ ಅಷ್ಟು ಕಡೆ ತುಕ್ಕು ಕೂರಬಹುದು. ಕಾರವಾರ, ಅಂಕೋಲಾದಲ್ಲಿ ಉಪ್ಪುಗಾಳಿ. ಘಟ್ಟದ ಮೇಲೆ ಬಿಡದ ಮಳೆ, ಬನವಾಸಿ ಕಡೆ ಗದ್ದೆಯ ಕೆಸರು. ಪೇಂಟ್ ಹೊಡೆಸಿದವರ ಗಾಡಿ ಇನ್ನೂ ಕಷ್ಟ. ಹೊಸ ಬಣ್ಣದ ಮೇಲೇ ಬ್ರಾಕೆಟ್ ಕೂರಿಸಿ ಬಿಗಿದರೆ ಕರೆಂಟ್ ಎಲ್ಲಿಂದ ಹೋಗಬೇಕು?

ಏನನ್ನೂ ಬಿಚ್ಚುವ ಮೊದಲೇ ಪರೀಕ್ಷೆ ಮಾಡಿ. ವೋಲ್ಟ್ ಅಳೆಯುವ ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗೆ ಇಡಿ. ಲೈಟ್ ಆನ್ ಇರಲೇಬೇಕು, ಆಫ್ ಮಾಡಿ ನೋಡಿದರೆ ಮೀಟರ್ ಸೊನ್ನೆ ತೋರಿಸಿ ಮೋಸ ಮಾಡುತ್ತದೆ. ಮೀಟರಿನ ಒಂದು ಕಡ್ಡಿ ಲ್ಯಾಂಪಿನ ಡಬ್ಬಿಯ ಬರೀ ಲೋಹಕ್ಕೆ. ಇನ್ನೊಂದು ಬ್ಯಾಟರಿಯ ಅರ್ತ್ ಕಡೆಗೆ, ಕ್ಲ್ಯಾಂಪಿಗಲ್ಲ, ಸೀಸದ ಗೂಟಕ್ಕೇ. 0.2 ವೋಲ್ಟಿನೊಳಗಿದ್ದರೆ ಸರಿ. ಅರ್ಧ ವೋಲ್ಟ್ ದಾಟಿದರೆ ಡಬ್ಬಿಯ ಕಡ್ಡಿಯನ್ನು ಬ್ರಾಕೆಟ್ಟಿಗೆ, ಆಮೇಲೆ ಮಡ್‌ಗಾರ್ಡಿಗೆ, ಆಮೇಲೆ ಗೇರ್‌ಬಾಕ್ಸಿಗೆ ಸರಿಸುತ್ತ ಬನ್ನಿ. ಯಾವ ಎರಡು ಜಾಗದ ನಡುವೆ ಅಂಕಿ ದಿಢೀರ್ ಇಳಿಯುತ್ತದೋ ಕೆಟ್ಟ ಜಾಯಿಂಟ್ ಅಲ್ಲೇ ಇದೆ. ಗೇರ್‌ಬಾಕ್ಸಿನಲ್ಲೂ ಇಳಿಯದಿದ್ದರೆ ಬ್ಯಾಟರಿಯ ಅರ್ತ್ ಕೇಬಲ್ ನೋಡಿ. ದಾರಿಯಲ್ಲಿ ಎರಡು ವೋಲ್ಟ್ ಸೋರಿದರೆ ಬಲ್ಬಿನ ಬೆಳಕು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಲೈಟೇ ಹತ್ತುತ್ತಿಲ್ಲ, ಆದರೂ ಡಬ್ಬಿಯಲ್ಲಿ 12 ವೋಲ್ಟ್ ತೋರಿಸುತ್ತಿದೆ ಅಂದರೆ ಬಲ್ಬಿನದು ತಪ್ಪಿಲ್ಲ. ಅರ್ತ್ ಪೂರ್ತಿ ಕಡಿದಿದೆ.

ಈಗ ಬ್ಯಾಟರಿ ಬಿಚ್ಚಿ. ಗಾಡಿಯ ಮೈಗೆ ಹೋಗುವ ಅರ್ತ್ ಕೇಬಲ್ ಮೊದಲು ತೆಗೆಯಿರಿ, ಹಾಕುವಾಗ ಅದನ್ನೇ ಕೊನೆಗೆ ಹಾಕಿ. ಗಾಡಿಯ ಮೈಗೆ ಹೋಗಿದ್ದು ಪ್ಲಸ್ಸೋ ಮೈನಸ್ಸೋ ಬರೆದಿಟ್ಟುಕೊಳ್ಳಿ. 1950ರ ದಶಕದ ಬ್ರಿಟಿಷ್ ಗಾಡಿಗಳಲ್ಲಿ ಪ್ಲಸ್ ಗಾಡಿಯ ಮೈಗೆ ಹೋಗುವುದು ಸಾಮಾನ್ಯ. ವೈರುಗಳ ಫೋಟೊ ಮೊಬೈಲಿನಲ್ಲಿರಲಿ.

ಕೆಟ್ಟ ಜಾಯಿಂಟನ್ನು ಎರಡೂ ಕಡೆ ಪಾಲಿಶ್ ಪೇಪರಿನಿಂದ ಬೆಳ್ಳಗೆ ಹೊಳೆಯುವವರೆಗೆ ಉಜ್ಜಿ. ಹಲ್ಲಿರುವ ವಾಷರ್ ಹಾಕಿ ಬಿಗಿಯಿರಿ. ವ್ಯಾಸಲಿನ್ ಹಚ್ಚುವುದು ಬಿಗಿದ ಮೇಲೆ. ನನ್ನ ಮಾತು ಕೇಳುವುದಾದರೆ ಇಷ್ಟಕ್ಕೇ ನಿಲ್ಲಬೇಡಿ. ಪ್ರತಿ ಲ್ಯಾಂಪಿನ ಡಬ್ಬಿಯಿಂದ 2.5 ಚದರ ಮಿ.ಮೀ.ನ ಬೇರೆ ಕಪ್ಪು ವೈರ್ ಎಳೆದು ಗೇರ್‌ಬಾಕ್ಸಿನ ಒಂದೇ ಬೋಲ್ಟಿಗೆ ಕಟ್ಟಿ. ಮಡ್‌ಗಾರ್ಡ್ ತುಕ್ಕು ಹಿಡಿದರೂ ಲೈಟಿಗೆ ಗೊತ್ತಾಗುವುದಿಲ್ಲ.

ಹಳೇ ವೈರಿನ ತುದಿ ಕತ್ತರಿಸಿ ನೋಡಿ. ಒಳಗೆ ಹಸಿರು ಕಿಲುಬು ಅಥವಾ ಕಪ್ಪು ಇದ್ದರೆ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ. ಸಿಗದಿದ್ದರೆ ಇಡೀ ವೈರ್ ಬಿಸಾಡಿ. ಮನೆ ವೈರಿಂಗಿನ ಒಂಟಿ ಎಳೆಯ ಗಟ್ಟಿ ವೈರ್ ಬೇಡ, ಗಾಡಿಯ ಅಲುಗಾಟಕ್ಕೆ ಮುರಿಯುತ್ತದೆ. ಕಡಿಮೆ ಬೆಲೆಯ ವೈರಿಂಗ್ ಸೆಟ್ ಕೊಳ್ಳುವಾಗ ಅಂಗಡಿಯಲ್ಲೇ ಒಂದು ಎಳೆಯನ್ನು ಚಾಕುವಿನಿಂದ ಕೆರೆಯಿರಿ. ಒಳಗೆ ಬಿಳಿ ಕಂಡರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ, ಅಲ್ಲೇ ವಾಪಸ್ ಕೊಡಿ. ವೈರ್ ತಿರುಚಿ ಟೇಪ್ ಸುತ್ತುವುದು ಸುಮ್ನೆ ದಂಡ, ಎಂಜಿನ್ ಕಾವಿಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ತಿಂಬಲ್ (ವೈರಿನ ತುದಿಗೆ ಹಾಕುವ ಲೋಹದ ತುಂಡು) ಹಾಕಿ ಕ್ರಿಂಪ್ ಮಾಡಿ, ಅಂದರೆ ಇಕ್ಕಳದಿಂದ ಒತ್ತಿ ಬಿಗಿಯಿರಿ.

55 ವ್ಯಾಟಿನ ಎರಡು ಹೆಡ್‌ಲೈಟ್ 9 ಆಂಪಿಯರಿಗಿಂತ ಜಾಸ್ತಿ ಎಳೆಯುತ್ತವೆ. ಸವೆದ ಹಳೇ ಸ್ವಿಚ್ಚಿಗೆ ಅದು ಭಾರ, ರಿಲೇ (ಸ್ವಿಚ್ಚಿನ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸಾಧನ) ಹಾಕಿಸಿ. ಬ್ಯಾಟರಿ ಹತ್ತಿರವೇ 15 ಆಂಪಿಯರ್ ಫ್ಯೂಸ್ ಇರಲಿ. ಫ್ಯೂಸ್ ಹೋದಾಗ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವವರು ಇನ್ನೂ ಇದ್ದಾರೆ. ಆಮೇಲೆ ಸುಡುವುದು ಫ್ಯೂಸಲ್ಲ, ವೈರಿಂಗ್.

ಕೊನೆಗೆ ಎಂಜಿನ್ ವೇಗ ಸ್ವಲ್ಪ ಏರಿಸಿ ಬ್ಯಾಟರಿಗೆ ಮೀಟರ್ ಹಿಡಿಯಿರಿ. 14 ವೋಲ್ಟಿನ ಆಸುಪಾಸು ಬರಬೇಕು. 12.5 ದಾಟದಿದ್ದರೆ ಮೊದಲು ಬೆಲ್ಟ್, ಆಮೇಲೆ ಬ್ಯಾಟರಿ ಚಾರ್ಜ್ ಮಾಡುವ ಡೈನಮೊದ ಕಾರ್ಬನ್ ಬ್ರಶ್ ನೋಡಿ. ಎಂಜಿನ್ ನಿಧಾನಕ್ಕೆ ಓಡುವಾಗ ಚಾರ್ಜಿಂಗಿನ ಕೆಂಪು ಲೈಟ್ ಮಿಣುಕಿದರೆ ಗಾಬರಿ ಬೇಡ. ಡೈನಮೊ ಇರುವ ಗಾಡಿಯಲ್ಲಿ ಅದು ಇದ್ದದ್ದೇ.